ಮಂತ್ರಕ್ಕೆ ಪರ್ಮಿಟ್ ಕೇಳಿದವರು

ಅವರು ತೀರಿಕೊಂಡ ಸುದ್ದಿ ನಾನು ಕೆಲಸ ಮಾಡುವ ಇಂಗ್ಲಿಷ್ ಪತ್ರಿಕೆಯಲ್ಲಿ ಮೂರು ಸಾಲು ಬಂತು. ಬರೆದವನು ನಾನೇ. ಅವರ ವಯಸ್ಸು, ವಿಶಾಖಪಟ್ಟಣದ ಸಾರ್ವಜನಿಕ ವಲಯದ ಕಾರ್ಖಾನೆಯೊಂದರ ಸುರಕ್ಷತಾ ವಿಭಾಗದಲ್ಲಿ ಮಾಡಿದ ಸೇವೆ, ಮೂಲತಃ ಧಾರವಾಡ ಕಡೆಯವರು ಎಂಬ ವಿವರ. ಮೂರು ಸಾಲಿನಲ್ಲೂ ತಪ್ಪಿರಲಿಲ್ಲ. ಆದರೆ ನಿವೃತ್ತಿಯ ನಂತರದ ಎಂಟು ವರ್ಷ ಅವರು ಯಾವ ಕೆಲಸದಲ್ಲಿ ಮುಳುಗಿದ್ದರು ಎಂಬುದು ಅಲ್ಲಿರಲಿಲ್ಲ. ಕತ್ತಿ ಹಿಡಿದವನನ್ನೂ ಮಂತ್ರ ಬಲ್ಲವಳನ್ನೂ ಒಂದೇ ಮೇಜಿಗೆ ಕೂರಿಸಿದರೆ ಇಬ್ಬರಿಗೂ ಸಮನಾಗಿ ಕೆಲಸ ಹಂಚುವುದು ಹೇಗೆ ಎಂಬ ಪ್ರಶ್ನೆಗೆ ಅವರು ಉತ್ತರ ಹುಡುಕುತ್ತಿದ್ದರು. ಇದನ್ನು ಮೂರು ಸಾಲಿನಲ್ಲಿ ಹೇಳಿದರೆ ಸುದ್ದಿ ಸಂಪಾದಕರು ನನ್ನನ್ನು ರಜೆ ಹಾಕಲು ಹೇಳುತ್ತಿದ್ದರು.

ಆಟ ಇಷ್ಟೇ. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಕಥೆ ಹೇಳುತ್ತಾರೆ, ತೀರ್ಪು ಕೊಡುತ್ತಾರೆ, ಎದುರು ಬರುವ ಪಿಶಾಚಿ, ರಾಕ್ಷಸ, ರಾಜ ಎಲ್ಲರ ಮಾತನ್ನೂ ಆಡುತ್ತಾರೆ. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರ. ಏನು ಮಾಡುತ್ತೇನೆಂದು ಬಾಯಲ್ಲಿ ಹೇಳಬೇಕು, ಆಗುತ್ತದೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ನಿರ್ಧರಿಸುತ್ತದೆ. ನಮ್ಮ ತೀರ್ಪುಗಾರರು ಅವರೇ, ಅವರನ್ನು ನಾವು ಯಜಮಾನರು ಎಂದು ಕರೆಯುತ್ತಿದ್ದೆವು. ಇದರಿಂದ ಒಂದು ಅನಾಹುತವೂ ಆಯಿತು. ನಮ್ಮ ಆಟದ ಮಾಂತ್ರಿಕೆ ನಂದಿನಿ, ವಿಶಾಖಪಟ್ಟಣದ ಮಧುರವಾಡದ ಎಂಜಿನಿಯರಿಂಗ್ ಕಾಲೇಜೊಂದರ ಉಪನ್ಯಾಸಕಿ, ಫೋನಿನಲ್ಲಿ ಮೈಸೂರಿನ ತಾಯಿಗೆ ‘ಭಾನುವಾರ ಪೂರ್ತಿ ಯಜಮಾನರ ಮನೇಲಿರ್ತೀನಮ್ಮ’ ಎಂದು ಹೇಳಿ, ಮದುವೆ ಯಾವಾಗಾಯಿತು ಎಂದು ಬೈಸಿಕೊಂಡರು.

ಯಜಮಾನರಿಗೆ ಈ ಆಟ ಸಿಕ್ಕಿದ್ದು ತಪಾಸಣೆಯಲ್ಲಿ. ಕಾರ್ಖಾನೆಯ ಟೌನ್‌ಶಿಪ್ಪಿನ ಟ್ರೈನಿಗಳ ಹಾಸ್ಟೆಲಿನಲ್ಲಿ ಅಗ್ನಿಶಾಮಕ ಸಿಲಿಂಡರ್ ನೋಡಲು ಹೋದಾಗ ಯಾರೋ ಬಿಟ್ಟುಹೋದ ಪೆಟ್ಟಿಗೆ ಕಣ್ಣಿಗೆ ಬಿತ್ತು. ಒಳಗಿದ್ದ ನಿಯಮಗಳ ಪುಸ್ತಕವನ್ನು ಮನೆಗೆ ತಂದು, ಬಾಯ್ಲರಿನ ಕೈಪಿಡಿ ಓದುವಂತೆ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದರು. ಓದಿ ಮುಗಿಸಿದವರು ಆಟ ಚೆನ್ನಾಗಿದೆ ಎನ್ನಲಿಲ್ಲ. ‘ಇದರಾಗ ದೋಷ ಐತಿ’ ಎಂದರು.

ದೋಷವನ್ನು ಅವರು ಗ್ರಾಫ್ ಹಾಳೆಯ ಮೇಲೆ ತೋರಿಸುತ್ತಿದ್ದರು. ಆಟದ ಮೊದಲ ಹಂತಗಳಲ್ಲಿ ಯೋಧನದೇ ಮೇಲುಗೈ. ಅವನು ದಿನವಿಡೀ ಹೊಡೆಯಬಲ್ಲ. ಮಾಂತ್ರಿಕನಿಗೆ ದಿನಕ್ಕೆ ಒಂದೇ ಮಂತ್ರ, ಅದು ಮುಗಿದರೆ ಕೋಲು ಹಿಡಿದು ಗೋಡೆಗೆ ಒರಗಬೇಕು. ಹಂತಗಳು ಏರಿದಂತೆ ಯೋಧ ಎರಡು ಏಟಿನ ಬದಲು ಮೂರು ಏಟು ಹೊಡೆಯುತ್ತಾನೆ. ಅಷ್ಟರಲ್ಲಿ ಮಾಂತ್ರಿಕ ಹಾರುತ್ತಾನೆ, ಮಾಯವಾಗುತ್ತಾನೆ, ಊರಿಗೆ ಊರನ್ನೇ ನಿದ್ದೆ ಮಾಡಿಸುತ್ತಾನೆ. ಎರಡು ಗೆರೆಗಳು ಐದನೇ ಹಂತದಲ್ಲಿ ಒಂದನ್ನೊಂದು ದಾಟುತ್ತವೆ. ಆ ಬಿಂದುವಿಗೆ ಕೆಂಪು ಪೆನ್ನಿನಲ್ಲಿ ವೃತ್ತ ಹಾಕಿ ‘ಇಲ್ಲಿಂದ ಮುಂದ ಸಂಬಂಧ ಕೆಡತಾವ’ ಎಂದು ಬರೆದಿದ್ದರು.

ಅವರು ಆಟಗಾರರನ್ನು ಆರಿಸಿದ ರೀತಿಯೂ ಹೇಳಬೇಕಾದದ್ದೇ. ಅವರ ಹೆಂಡತಿ ವಿಜಯವಾಡದವರು. ಅಜ್ಜನ ಕಾಲಕ್ಕೇ ಅಲ್ಲಿ ನೆಲೆಸಿ, ತೆಲುಗರ ಜೊತೆ ಹೆಣ್ಣು ಕೊಟ್ಟು ತಂದ ಕನ್ನಡ ಮನೆತನ. ಹೆಂಡತಿ ತೀರಿಕೊಂಡ ಮೇಲೆ ಆ ಮನೆಗೂ ಇವರಿಗೂ ಉಳಿದ ಕೊಂಡಿ ಎಂದರೆ ಭಾವಮೈದುನ ಮಲ್ಲಿಕಾರ್ಜುನ ಒಬ್ಬರೇ. ಅಲ್ಲಿಯ ಆಟೋನಗರ್‌ನಲ್ಲಿ ಲಾರಿಗಳ ಕಮಾನು ಪಟ್ಟಿ ರಿಪೇರಿ ಮಾಡುವ ಶೆಡ್ಡು ಅವರದು. ಫೋನ್ ಮಾಡಿದರೆ ಇಬ್ಬರಿಗೂ ಮಾತಿಗೆ ವಿಷಯವಿರಲಿಲ್ಲ. ಹುಷಾರಾ, ಹುಷಾರು, ಮಳೆಯಾ, ಮಳೆ, ಸರಿ ಇಡ್ತೀನಿ. ಒಂದು ವರ್ಷ ಅದೂ ಇರಲಿಲ್ಲ. ಆಮೇಲೊಂದು ದಿನ ಯಜಮಾನರು ಫೋನ್ ಮಾಡಿ ಹೇಳಿದ್ದು ಇಷ್ಟು: ‘ಮಲ್ಲಿ, ಒಂದು ಆಟ ಐತಿ. ನಿನ್ನ ಕೈಯಾಗ ಕತ್ತಿ ಇರತದ. ಭಾನುವಾರ ಬಾ.’

ಮಲ್ಲಿಕಾರ್ಜುನ ಮುನ್ನೂರೈವತ್ತು ಕಿಲೋಮೀಟರ್ ಬಂದರು. ಏನು ಆಟ ಎಂದು ಕೇಳಲೂ ಇಲ್ಲವಂತೆ. ಇದನ್ನು ಇಬ್ಬರಿಂದಲೂ ಬೇರೆ ಬೇರೆಯಾಗಿ ಖಚಿತಪಡಿಸಿಕೊಂಡಿದ್ದೇನೆ.

ಅಂದಿನಿಂದ ಒಂದು ತಿಂಗಳು ಯಜಮಾನರ ಮಧುರವಾಡದ ಅಪಾರ್ಟ್‌ಮೆಂಟಿನಲ್ಲಿ, ಇನ್ನೊಂದು ತಿಂಗಳು ವಿಜಯವಾಡದ ಶೆಡ್ಡಿನಲ್ಲಿ ಆಟ. ಮಲ್ಲಿಕಾರ್ಜುನ ಯೋಧ, ನಂದಿನಿ ಮಾಂತ್ರಿಕೆ. ನನಗೆ ಕಳ್ಳನ ಪಾತ್ರ ಕೊಟ್ಟರು. ‘ಪೇಪರಿನವರು, ರೂಢಿ ಇರತದ’ ಎಂಬುದು ಕಾರಣ.

ಯಜಮಾನರು ದಾಳವನ್ನು ಕರವಸ್ತ್ರದಲ್ಲಿ ಒರೆಸಿ, ಸ್ಟೀಲ್ ತಟ್ಟೆಯಲ್ಲಿಟ್ಟು ಕೊಡುತ್ತಿದ್ದರು. ದಾಳ ನೆಲಕ್ಕೆ ಬಿದ್ದರೆ ಅದು ಅವರ ಲೆಕ್ಕದಲ್ಲಿ ಅಪಘಾತ. ಬೀಳುವಷ್ಟರಲ್ಲಿ ಹಿಡಿದರೆ ‘ಸ್ವಲ್ಪದರಾಗ ತಪ್ಪಿದ ಅಪಘಾತ’. ಎರಡಕ್ಕೂ ವಿಚಾರಣೆ ನಡೆಯುತ್ತಿತ್ತು. ‘ದಾಳ ಒಗೆಯೂ ಮುಂದ ಮಂಡಿ ಎಲ್ಲಿತ್ತು ನಿಮ್ಮದು?’ ಎಂದು ಒಮ್ಮೆ ನನ್ನನ್ನು ಹತ್ತು ನಿಮಿಷ ಕೇಳಿದರು. ಗುಹೆಯ ಬಾಗಿಲಲ್ಲಿ ಕಾದಿದ್ದ ರಾಕ್ಷಸನೂ ಹತ್ತು ನಿಮಿಷ ಕಾಯಬೇಕಾಯಿತು.

ಐದನೇ ಹಂತ ದಾಟಿದ ಮೇಲೆ ಸುಧಾರಣೆಗಳು ಬಂದವು. ಮೊದಲನೆಯದು ಪರ್ಮಿಟ್. ಕಾರ್ಖಾನೆಯಲ್ಲಿ ವೆಲ್ಡಿಂಗ್ ಮಾಡುವವನು ಮೊದಲು ಬೆಂಕಿ ಕೆಲಸದ ಪರ್ಮಿಟ್ ಪಡೆಯಬೇಕು, ಪಕ್ಕದಲ್ಲಿ ಒಬ್ಬ ಮರಳಿನ ಬಕೆಟ್ ಹಿಡಿದು ನಿಂತಿರಬೇಕು. ಬೆಂಕಿಯುಂಡೆ ಎಸೆಯುವ ಮಂತ್ರಕ್ಕೂ ಅದೇ ನಿಯಮ ಎಂದು ಅವರು ಫಾರಂ ಅಚ್ಚು ಹಾಕಿಸಿ ತಂದರು. ಮಂತ್ರದ ಹೆಸರು, ಸ್ಥಳ, ಅಪಾಯ, ಮುನ್ನೆಚ್ಚರಿಕೆ, ಸಹಿ.

‘ಸರ್, ಎದುರಿಗೆ ಮೂವತ್ತು ಪಿಶಾಚಿ ಓಡಿ ಬರ್ತಿವೆ’ ಎಂದರು ನಂದಿನಿ.

‘ಬರಲಿ. ಫಾರಂ ತುಂಬ್ರಿ.’

‘ತುಂಬೋಷ್ಟರಲ್ಲಿ ನಮ್ಮನ್ನ ತಿಂದು ಮುಗಿಸಿರ್ತವೆ.’

‘ಅದಕ್ಕ ಮುಂಜಾನೆನ ಅರ್ಜಿ ಹಾಕಬೇಕಾಗಿತ್ತು.’

ಬಕೆಟ್ ಹಿಡಿಯುವ ಕೆಲಸ ಯೋಧನ ಪಾಲಿಗೆ ಬಂತು. ಪರ್ಮಿಟ್‌ಗೆ ಅವನ ಸಹಿಯೂ ಬೇಕು, ಹಾಗಾಗಿ ಅವನ ಅಧಿಕಾರ ಹೆಚ್ಚಿತು ಎಂಬುದು ಯಜಮಾನರ ತರ್ಕ. ಮಲ್ಲಿಕಾರ್ಜುನ ತಮ್ಮ ದಪ್ಪ ಮೊಣಕೈಗಳನ್ನು ಮೇಜಿಗೆ ಊರಿ ಕೇಳಿದರು, ‘ಏಂಟಿ ಬಾವಾ ಇದು? ನಾನು ಯೋಧನಾ, ವಾಚ್‌ಮ್ಯಾನಾ?’

‘ಬೆಂಕಿ ವಾಚ್‌ಮ್ಯಾನ್. ಜವಾಬ್ದಾರಿ ಹುದ್ದೆ ಐತಿ.’

ಮಲ್ಲಿಕಾರ್ಜುನ ಸಹಿ ಹಾಕಲು ನಿರಾಕರಿಸಿದರು. ಬೆಂಕಿಯುಂಡೆ ಹೊರಡಲಿಲ್ಲ. ಆ ದಿನ ಪಿಶಾಚಿಗಳು ಗೆದ್ದವು.

ಎರಡನೆಯ ಸುಧಾರಣೆ ರಜೆ ಪದ್ಧತಿ. ಮಂತ್ರಗಳನ್ನು ನೌಕರರ ರಜೆಯ ಹಾಗೆ ಮಾಂತ್ರಿಕೆಯ ಖಾತೆಗೆ ಹಾಕಲಾಯಿತು. ತಿಂಗಳಿಗೆ ಇಂತಿಷ್ಟು, ಮುಗಿದರೆ ಮುಗಿಯಿತು. ನಂದಿನಿ ಸರ್ಕಾರಿ ನೌಕರರ ಮಗಳು. ಮೂರನೇ ವಾರವೇ ಅರ್ಧ ದಿನದ ರಜೆಯ ನಿಯಮವನ್ನು ಎತ್ತಿ ಹಿಡಿದು ಅರ್ಧ ಬೆಂಕಿಯುಂಡೆ ಎಸೆದರು. ಯಜಮಾನರು ಆಟ ನಿಲ್ಲಿಸಿ ಬಾಲ್ಕನಿಗೆ ಹೋಗಿ ಯೋಚಿಸಿದರು. ಮರಳಿ ಬಂದು ಕೊಟ್ಟ ತೀರ್ಪು: ‘ಬೆಳಕು ಬೀಳತದ, ಸುಡೂದಿಲ್ಲ.’

ಮೂರನೆಯದರಲ್ಲಿ ಮಾಂತ್ರಿಕೆಯನ್ನು ಬಿಟ್ಟು ಯೋಧನನ್ನು ಬಲಪಡಿಸಿದರು. ಹೆಲ್ಮೆಟ್, ಕೈಗವಸು, ಎದೆಕವಚ, ಮಂಡಿಕವಚ, ಎತ್ತರದಿಂದ ಬೀಳದಂತೆ ಸೊಂಟಕ್ಕೆ ಬೆಲ್ಟು. ಎಲ್ಲ ತೊಡಿಸಿ ನೋಡಿದರೆ ಯೋಧ ಕೋಟೆಯ ಬಾಗಿಲಲ್ಲಿ ಹಿಡಿಸಲಿಲ್ಲ. ನಂದಿನಿ ಅವನನ್ನು ಮಂತ್ರದಿಂದ ಚಿಕ್ಕದು ಮಾಡಿ ಒಳಗೆ ಎತ್ತಿಕೊಂಡು ಹೋದರು.

ನಾವು ನಗುತ್ತಿದ್ದೆವು. ಮಲ್ಲಿಕಾರ್ಜುನ ಆ ದಿನ ನಗಲಿಲ್ಲ ಎಂಬುದನ್ನು ನಾನು ಗಮನಿಸಿದ್ದು ತಡವಾಗಿ.

ಬಿಕ್ಕಟ್ಟು ಬಂದದ್ದು ಮಧುರವಾಡದ ಒಂದು ಆಟದಲ್ಲಿ. ನದಿ ದಾಟಿ ಕೋಟೆ ಹಿಡಿಯಬೇಕಿತ್ತು. ನಂದಿನಿ ನದಿಯನ್ನು ಹೆಪ್ಪುಗಟ್ಟಿಸಿದರು, ಗೋಡೆಯ ಮೇಲೆ ಹಾರಿದರು, ಕಾವಲುಗಾರರಿಗೆಲ್ಲ ನಿದ್ದೆ ಬರಿಸಿದರು, ಬಾಗಿಲು ತೆರೆದರು. ಎಲ್ಲಕ್ಕೂ ಪರ್ಮಿಟ್ ಸರಿಯಾಗಿತ್ತು. ಆಮೇಲೆ ಯಜಮಾನರು ‘ಈಗ ಯೋಧನ ಸರದಿ’ ಎಂದರು.

‘ಏನ್ ಮಾಡ್ಲಿ ಬಾವಾ?’ ಎಂದರು ಮಲ್ಲಿಕಾರ್ಜುನ. ‘ಎಲ್ಲಾರೂ ಮಲಗಿದ್ದಾರೆ. ಮಲಗಿದವರನ್ನ ಹೊಡೀಲಾ? ನಾನೇನು ಮನುಷ್ಯ ಅಲ್ವಾ?’

ಊಟವಾದ ಮೇಲೆ ಅವರು ಚಪ್ಪಲಿ ಮೆಟ್ಟಿಕೊಳ್ಳುತ್ತ, ಯಾರ ಮುಖವನ್ನೂ ನೋಡದೆ, ‘ಮುಂದಿನ ತಿಂಗಳು ನಮ್ಮ ಶೆಡ್ಡಲ್ಲಿ ಆಟ ಇದೆ ಕದಾ. ಅದೇ ಲಾಸ್ಟು ಬಾವಾ. ಬಾಕಿ ಇರೋ ಆ ಡ್ರ್ಯಾಗನ್ ಕಥೆ ಮುಗಿಸಿ ನಾನು ಔಟು. ಏನೂ ಅನ್ಕೋಬೇಡಿ’ ಎಂದರು.

ಅವರನ್ನು ಆಟೋ ಹತ್ತಿಸಿ ಬಂದ ಯಜಮಾನರು ಸೋಫಾದಲ್ಲಿ ಕೂತರು. ಅವರು ಸ್ವಂತ ವಿಷಯ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ‘ಅವ ಆಟ ಬಿಟ್ರ ನಮ್ಮಿಬ್ಬರ ನಡುವ ಏನ್ ಉಳೀತದ್ರಿ? ವರ್ಷಕ್ಕೊಮ್ಮೆ ಆಕೀ ತಿಥಿ. ಅವತ್ತು ಇಬ್ಬರೂ ಬಾಳಿ ಎಲಿ ನೋಡ್ಕೋತ ಉಣ್ಣೂದು. ಕಡೀಕ ಅದೂ ಬಿಟ್ಟು ಹೋಗತದ.’ ದಾಳವನ್ನು ಕರವಸ್ತ್ರದಲ್ಲಿ ಸುತ್ತುತ್ತ, ‘ನಗತಾನಲ್ಲ ಅವ, ಥೇಟ್ ಆಕೀ ನಕ್ಕಂಗ’ ಎಂದರು. ಆಮೇಲೆ ಗ್ರಾಫ್ ಹಾಳೆ ಎಳೆದುಕೊಂಡರು.

ಆ ತಿಂಗಳು ಅವರು ಏಳು ಕರಡು ಬರೆದರು. ನನ್ನ ಕಚೇರಿಗೇ ತಂದು ತೋರಿಸುತ್ತಿದ್ದರು. ಮಾಂತ್ರಿಕೆಯ ಬಲ ಅರ್ಧ ಮಾಡಿದರೆ ನಂದಿನಿ ಬಿಡುತ್ತಾರೆ. ಯೋಧನ ಬಲ ಇಮ್ಮಡಿ ಮಾಡಿದರೆ ಮಲ್ಲಿಕಾರ್ಜುನರಿಗೆ ಅದು ದಾನ ಎಂದು ಗೊತ್ತಾಗುತ್ತದೆ. ಇಬ್ಬರಿಗೂ ಒಂದೇ ಶಕ್ತಿ ಕೊಟ್ಟ ಕರಡನ್ನು ಅವರೇ ಹರಿದರು. ‘ಇಬ್ಬರೂ ಒಂದ ಆಫೀಸಿನ ಗುಮಾಸ್ತರು ಆದಂಗಾತು.’ ನಂದಿನಿ ಫೋನಿನಲ್ಲಿ ಒಂದು ಮಾತು ಹೇಳಿದರು: ‘ಸರ್, ಅವರಿಗೆ ಬಲ ಕಡಿಮೆ ಆಗಿಲ್ಲ. ಮಾಡೋಕೆ ಏನೂ ಇಲ್ಲ, ಅಷ್ಟೇ.’ ಯಜಮಾನರು ಅದನ್ನು ಬರೆದುಕೊಂಡು, ಕೆಳಗೆ ಗೆರೆ ಎಳೆದು, ಏನೂ ಮಾಡಲು ತೋಚದೆ ಹಾಗೇ ಇಟ್ಟರು.

ಏಳನೆಯ ಕರಡು ಹೀಗಿತ್ತು: ಡ್ರ್ಯಾಗನ್ ಇರುವ ಗುಹೆ ಮಂತ್ರ ನಿಷೇಧಿತ ಪ್ರದೇಶ. ಒಳಗೆ ಯಾವ ಮಂತ್ರವೂ ನಡೆಯುವುದಿಲ್ಲ. ಯೋಧನೇ ಮುಂದೆ ಹೋಗಬೇಕು.

ಶನಿವಾರವೇ ಹೊರಟು ವಿಜಯವಾಡದ ಗವರ್ನರ್‌ಪೇಟೆಯ ಲಾಡ್ಜಿನಲ್ಲಿ ಉಳಿದೆವು. ಹೆಂಡತಿ ಇಲ್ಲದ ಮೇಲೆ ಆಕೆಯ ತವರು ಮನೆಯಲ್ಲಿ ಮಲಗಲು ಯಜಮಾನರಿಗೆ ಸಂಕೋಚ. ಭಾನುವಾರ ಬೆಳಿಗ್ಗೆ ಶೆಡ್ಡಿಗೆ ಹೋದೆವು. ಎರಡು ಡ್ರಮ್ಮುಗಳ ಮೇಲೆ ಲಾರಿಯ ಹಿಂಬಾಗಿಲು ಹಾಕಿದರೆ ಅದೇ ಮೇಜು. ಮಲ್ಲಿಕಾರ್ಜುನ ನಮಗೆಲ್ಲ ಆ ಕಡೆಯ ಸಣ್ಣ ಬೋಂಡಾ, ಪುಣುಗು ತರಿಸಿ, ಬಿಸಿ ಇದ್ದಾಗಲೇ ತಿನ್ನಿ ಎಂದು ಎರಡೆರಡು ಸಲ ಹೇಳಿದರು. ಹೊರಡುವ ಮನುಷ್ಯ ಉಪಚಾರ ಹೆಚ್ಚು ಮಾಡುತ್ತಾನೆ.

ಗುಹೆಯ ಬಾಗಿಲಿಗೆ ಬಂದೆವು. ಯಜಮಾನರು ರಟ್ಟಿನ ಡ್ರ್ಯಾಗನ್ ಒಂದನ್ನೂ ಅದರ ಮುಂದೆ ಬಣ್ಣ ಹಚ್ಚಿದ ರಟ್ಟಿನ ಬೋರ್ಡನ್ನೂ ಮೇಜಿನ ಮೇಲೆ ನಿಲ್ಲಿಸಿದರು. ಕೆಂಪು ವೃತ್ತ, ಒಳಗೆ ಮಂತ್ರದಂಡ, ಅದರ ಮೇಲೆ ಅಡ್ಡಗೆರೆ. ನಂದಿನಿ ಕೈಕಟ್ಟಿ ಕೂತರು. ನನ್ನ ಕಳ್ಳ ಕಂಬದ ಹಿಂದೆ ಸೇರಿಕೊಂಡ. ಯೋಧ ಒಬ್ಬನೇ ಒಳಗೆ ಹೋದ. ಡ್ರ್ಯಾಗನ್ ಕಣ್ಣು ಬಿಟ್ಟಿತು.

ಯಜಮಾನರು ಡ್ರ್ಯಾಗನ್ನಿನ ಬಲ ಬರೆದಿದ್ದ ಹಾಳೆ ನೋಡಿದರು. ಯೋಧನ ಹಾಳೆ ನೋಡಿದರು. ಇನ್ನೊಮ್ಮೆ ಡ್ರ್ಯಾಗನ್ನಿನ ಹಾಳೆ ನೋಡಿದರು. ಪಕ್ಕದಲ್ಲೇ ಕೂತಿದ್ದ ನನಗೂ ಲೆಕ್ಕ ಕಾಣುತ್ತಿತ್ತು. ಮಾಂತ್ರಿಕೆಯ ಸಹಾಯವಿಲ್ಲದೆ ಯೋಧ ಎರಡನೇ ಏಟಿಗೆ ಸತ್ತುಹೋಗುತ್ತಿದ್ದ. ಏಳು ಕರಡು ಬರೆದವರು ಇದೊಂದನ್ನು ಕೂಡಿ ನೋಡಿರಲಿಲ್ಲ. ಯೋಧ ಸತ್ತರೆ ಆಟ ಮುಗಿಯಿತು, ಮಲ್ಲಿಕಾರ್ಜುನ ಎದ್ದು ಕೈತೊಳೆಯುತ್ತಾರೆ.

ತೀರ್ಪುಗಾರ ಆಟಗಾರನಿಗೆ ಸುಳಿವು ಕೊಡಬಾರದು. ಅದು ಅವರೇ ಗೋಡೆಗೆ ಅಂಟಿಸಿದ ಮೊದಲ ನಿಯಮ. ಅವರು ಹಾಳೆಯಿಂದ ತಲೆ ಎತ್ತದೆ, ತುಟಿ ಅಲ್ಲಾಡಿಸದಂತೆ, ‘ಅಡಗು’ ಎಂದರು.

ಮಲ್ಲಿಕಾರ್ಜುನ ತಬ್ಬಿಬ್ಬಾದರು. ‘ಅಡಗಾಲಾ?’

‘ಹೂಂ. ಅಡಗು. ಲಗೂನ.’

ಕನ್ನಡದಲ್ಲಿ ಅಡಗು ಎಂದರೆ ಬಚ್ಚಿಟ್ಟುಕೋ. ತೆಲುಗಿನಲ್ಲಿ ಅಡುಗು ಎಂದರೆ ಪ್ರಶ್ನೆ ಕೇಳು. ಅಡಗಾಲಾ ಎಂದರೆ ಕೇಳಬೇಕಾ. ಮನೆಯಲ್ಲಿ ಕನ್ನಡ, ಹೊರಗೆಲ್ಲ ತೆಲುಗು ಆಡಿ ಬೆಳೆದ ಮನುಷ್ಯನ ಕಿವಿಗೆ ಯಾವುದು ಬಿತ್ತು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಅವರು ಒಂದು ಕ್ಷಣ ಯೋಚಿಸಿದರು. ‘ಕತ್ತಿ ಕೆಳಗಿಡ್ತೀನಿ’ ಎಂದರು. ‘ಡ್ರ್ಯಾಗನ್ ಹತ್ರ ಹೋಗ್ತೀನಿ.’

‘ಹತ್ರ ಯಾಕ ಹೊಂಟಿ?’ ಎಂದರು ಯಜಮಾನರು ಗಾಬರಿಯಿಂದ.

‘ಕೇಳೋಕೆ.’

ಕೇಳಿಯೂ ಬಿಟ್ಟರು. ಶೆಡ್ಡಿಗೆ ಬಂದು ನಿಲ್ಲುವ ಪ್ರತಿ ಲಾರಿಯ ಡ್ರೈವರನ್ನು ಕೇಳುವ ಪ್ರಶ್ನೆಯನ್ನೇ, ಅದೇ ದನಿಯಲ್ಲಿ ಕೇಳಿದರು. ‘ಏನು ಪ್ರಾಬ್ಲಂ? ಸೌಂಡು ಎಲ್ಲಿಂದ ಬರ್ತಿದೆ?’

ಯಜಮಾನರು ನಿಯಮದ ಪುಸ್ತಕ ತೆರೆದರು. ಡ್ರ್ಯಾಗನ್ನಿನ ಉಗುರಿಗೆ, ಉಸಿರಿಗೆ, ಬಾಲದ ಏಟಿಗೆ ಕೋಷ್ಟಕಗಳಿದ್ದವು. ಇದಕ್ಕಿರಲಿಲ್ಲ. ಪುಸ್ತಕ ಮುಚ್ಚಿ, ಕನ್ನಡಕ ತೆಗೆದು, ಡ್ರ್ಯಾಗನ್ನಿನ ದಪ್ಪ ದನಿಯಲ್ಲಿ ಹೇಳಿದರು: ‘ಎಡ ರೆಕ್ಕಿ.’

‘ಎಷ್ಟು ದಿನದಿಂದ?’

‘ಭಾಳ ವರ್ಷಾತು.’

‘ತೋರಿಸಿಲ್ವಾ ಯಾರಿಗೂ?’

‘ಯಾರೂ ಕೇಳಿಲ್ಲ. ಬಂದವರೆಲ್ಲಾ ಕತ್ತಿ ತಗೊಂಡು ಬರತಾರ.’

‘ಇಲ್ಲಿ ನೀವೊಬ್ಬರೇನಾ?’

ಪಕ್ಕದ ಶೆಡ್ಡಿನಲ್ಲಿ ಯಾರೋ ರಿಮ್ಮಿನ ಮೇಲೆ ಸುತ್ತಿಗೆ ಹೊಡೆಯುತ್ತಿದ್ದರು. ಅದು ನಿಂತ ಮೇಲೆ ಯಜಮಾನರು ಉತ್ತರ ಕೊಟ್ಟರು. ಈ ಸಲ ದಪ್ಪ ದನಿ ಇರಲಿಲ್ಲ. ‘ಮೊದಲ ಇಬ್ಬರಿದ್ವಿ.’

ಮಲ್ಲಿಕಾರ್ಜುನ ಕೂತ ಸ್ಟೂಲನ್ನು ಸ್ವಲ್ಪ ಮುಂದೆಳೆದುಕೊಂಡರು. ‘ಊಟ?’

‘ಬಂದವರನ್ನ ತಿಂತೀನಿ.’

‘ಬಂದವರನ್ನೆಲ್ಲ ತಿಂದ್ರೆ ಮತ್ತೆ ಯಾರು ಬರ್ತಾರೆ ಬಾವಾ?’

‘ಡ್ರ್ಯಾಗನ್‌ಗೆ ಬಾವಾ ಅನ್ನಬಾರದು ರೀ’ ಎಂದರು ನಂದಿನಿ.

‘ಏನನ್ಲಿ ಮತ್ತೆ? ಡ್ರ್ಯಾಗನ್‌ಗಾರು ಅನ್ಲಾ?’ ಎಂದು ಮಲ್ಲಿಕಾರ್ಜುನ ನಕ್ಕರು. ಯಜಮಾನರು ಆ ನಗುವನ್ನು ನೋಡಿದರು, ಮತ್ತೆ ಹಾಳೆಗಳನ್ನು ಜೋಡಿಸಲು ಶುರು ಮಾಡಿದರು. ಜೋಡಿಸಲು ಅಲ್ಲಿ ಇದ್ದದ್ದು ಎರಡೇ ಹಾಳೆ.

‘ಈಗ ಏನ್ ಮಾಡ್ತೀ?’ ಎಂದರು. ‘ಹೊಡೀತಿಯೇನು?’

‘ರಿಪೇರಿಗೆ ಬಂದದ್ದನ್ನ ಹೊಡೆದು ಸಾಯಿಸ್ತಾರಾ?’ ಮಲ್ಲಿಕಾರ್ಜುನ ಮೇಜಿನ ಮೇಲಿನ ರಟ್ಟಿನ ಡ್ರ್ಯಾಗನ್ನನ್ನು ಎತ್ತಿ, ಎಡ ರೆಕ್ಕೆಯನ್ನು ಬೆರಳಿನಿಂದ ಅಲ್ಲಾಡಿಸಿ, ಕಿವಿಗೆ ಹಿಡಿದು ಕೇಳಿದರು. ನಿಜವಾಗಿಯೂ ಕೇಳಿದರು. ‘ಒಂದೇ ಸಲಕ್ಕೆ ಆಗೋ ಕೆಲಸ ಅಲ್ಲ ಇದು. ತಿಂಗಳಿಗೊಂದು ಸಲ ಬಂದು ನೋಡ್ಬೇಕು.’

ನಂದಿನಿ ತಮ್ಮ ಸರದಿ ಯಾವಾಗ ಎಂದು ಕೇಳಿದರು. ಆಟದ ಅತ್ಯಂತ ಬಲಶಾಲಿ ಮಾಂತ್ರಿಕೆ ಗುಹೆಯ ಹೊರಗೆ ಬೋರ್ಡಿನ ಪಕ್ಕದಲ್ಲಿ ಕೂತು ಆರಿದ ಪುಣುಗು ತಿಂದರು.

ಅದಾದ ಮೇಲೆ ಮಲ್ಲಿಕಾರ್ಜುನ ಒಂದು ತಿಂಗಳೂ ತಪ್ಪಿಸಲಿಲ್ಲ. ಯಜಮಾನರ ಕೊನೆಯ ತಿಂಗಳುಗಳಲ್ಲಿ ಆಟವಿಲ್ಲದ ಭಾನುವಾರಗಳಲ್ಲೂ ಬಂದರು. ಡ್ರ್ಯಾಗನ್ನಿನ ಎಡ ರೆಕ್ಕೆ ಪೂರ್ತಿ ಸರಿಹೋಗಲೇ ಇಲ್ಲ.

ಆ ದಿನ ವಿಜಯವಾಡದಿಂದ ಮರಳುವಾಗ, ರೈಲು ಏಲೂರು ದಾಟುವ ಹೊತ್ತಿಗೆ ಇನ್ನೂ ಬೆಳಕಿತ್ತು. ಯಜಮಾನರು ತೊಡೆಯ ಮೇಲೆ ನೋಟ್‌ಬುಕ್ ಇಟ್ಟು ಆಟದ ವರದಿ ಬರೆದರು. ಘಟನೆಗೆ ಕಾರಣ ಎಂಬ ಅಂಕಣದಲ್ಲಿ ಬಹಳ ಹೊತ್ತು ಪೆನ್ನು ಹಿಡಿದು ಕೂತರು. ಆಮೇಲೆ ‘ಯೋಧನ ಸ್ವಂತ ನಿರ್ಧಾರ’ ಎಂದು ಬರೆದು, ನನ್ನ ಕಡೆ ತಿರುಗಿ ‘ನಾ ಅಂದದ್ದು ಬ್ಯಾರೆ ಅಂತ ಅವಗ ಹೇಳಬ್ಯಾಡ್ರಿ’ ಎಂದರು. ನಾನು ಅವರ ಇಂಥ ನೋಟ್‌ಬುಕ್ಕುಗಳನ್ನೆಲ್ಲ ಓದಿದ್ದೇನೆ. ಅವರು ತಿಳಿದೂ ಬರೆದ ಸುಳ್ಳು ಅದೊಂದೇ. ಮಲ್ಲಿಕಾರ್ಜುನರಿಗೆ ನಾನು ಇವತ್ತಿಗೂ ಹೇಳಿಲ್ಲ. ಅವರಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಆ ಧೈರ್ಯದ ಮೇಲೆ ಇದನ್ನು ಇಲ್ಲಿ ಬರೆದಿದ್ದೇನೆ.